ಹಳೆಯ ಗಾಡಿಯಲ್ಲಿ ತಂಪು ಏಕೆ ಸಾಲದು?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಭಾನುವಾರದ ಕೂಟಗಳಲ್ಲಿ ಸಾಹಿತ್ಯ, ಚರಿತ್ರೆ, ಆರೋಗ್ಯ ಇವುಗಳನ್ನು ಕುರಿತು ಬಲ್ಲವರು ಮಾತನಾಡುವುದು ವಾಡಿಕೆ. ಈ ವಾರ ಮೋಟಾರು ಗಾಡಿಯ ಹವಾನಿಯಂತ್ರಣವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಇಂಜಿನಿಯರನಲ್ಲ, ಮೆಟ್ರಿಕ್ ಮುಗಿಸಿ ನೂಲಿನ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆದರೆ ಈ ವಿಷಯ ಅರ್ಧಕ್ಕರ್ಧ ಲೆಕ್ಕದ ವಿಷಯವೇ ಆಗಿರುವುದರಿಂದ ಧೈರ್ಯ ಮಾಡಿ ನಿಂತಿದ್ದೇನೆ.

ಇದನ್ನು ಎತ್ತಿಕೊಳ್ಳಲು ಕಾರಣವೊಂದುಂಟು. ನಮ್ಮ ಸದಸ್ಯರಾದ ಹಿರಿಯರೊಬ್ಬರ ಬಳಿ ಎರಡೇ ಆಸನದ, ಬಟ್ಟೆಯ ಮಾಡಿನ ಹಳೆಯ ಸ್ಪೋರ್ಟ್ಸ್ ಕಾರು ಇದೆ. ಅದು ತೀರಿಹೋದ ಅವರ ತಮ್ಮನದು. ಆದ್ದರಿಂದ ಮಾರಲು ಮನಸ್ಸಿಲ್ಲ. ಅವರ ಮನೆಯಾಕೆಗೆ ಹೃದಯದ ಕಾಯಿಲೆ. ತಿಂಗಳಿಗೊಮ್ಮೆ ಸಂಭಾಜಿನಗರಕ್ಕೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನೆಯಲ್ಲಿರುವುದು ಅದೊಂದೇ ಗಾಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ವೈಜಾಪುರದ ಬಿಸಿಲು ೪೦ ಡಿಗ್ರಿ ದಾಟುವುದು ನಿಮಗೆಲ್ಲ ಗೊತ್ತು. ಗಾಡಿಯ ಹವಾನಿಯಂತ್ರಣ ಬೆಚ್ಚನೆಯ ಗಾಳಿಯನ್ನೇ ಊದುತ್ತಿತ್ತು. ಒಂದು ಗ್ಯಾರೇಜಿನವರು ಎರಡು ಬೇಸಗೆ ಗ್ಯಾಸು ತುಂಬಿ ಹಣ ಪಡೆದರು. ಮೂರನೆಯ ಬೇಸಗೆಗೆ ಕಂಪ್ರೆಸರನ್ನೇ ಬದಲಿಸಬೇಕು ಎಂದರು. ಬೆಲೆ ಕೇಳಿ ಆ ಹಿರಿಯರು ಇಲ್ಲಿ ಬಂದು ಕುಳಿತು, “ಏನು ಮಾಡಲಪ್ಪಾ?” ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಂದು ನಿಮಗೆ ವಿಸ್ತಾರವಾಗಿ ಹೇಳುತ್ತೇನೆ. ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೊದಲು ಸ್ವಲ್ಪ ಚರಿತ್ರೆ. ಹವಾನಿಯಂತ್ರಣವೆಂಬುದು ಶ್ರೀಮಂತರ ಸುಖಕ್ಕಾಗಿ ಹುಟ್ಟಿದ್ದಲ್ಲ, ಕಾರ್ಖಾನೆಯ ಕೆಲಸಕ್ಕಾಗಿ ಹುಟ್ಟಿದ್ದು. ೧೯೦೨ರಲ್ಲಿ ಅಮೆರಿಕೆಯ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವ ಏರಿಳಿದು ಕಾಗದ ಹಿಗ್ಗಿ ಕುಗ್ಗುತ್ತಿತ್ತು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಆಗ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಗಾಳಿಯ ತೇವವನ್ನು ಹಿಡಿತದಲ್ಲಿಡುವ ಯಂತ್ರವನ್ನು ಯೋಜಿಸಿದನು. ‘ಏರ್ ಕಂಡಿಷನಿಂಗ್’ ಎಂಬ ಹೆಸರು ಬಂದದ್ದಂತೂ ನಮ್ಮ ಗಿರಣಿಗಳ ಬಳಗದಿಂದಲೇ. ೧೯೦೬ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಬಟ್ಟೆಗಿರಣಿಯ ಇಂಜಿನಿಯರು ಆ ಮಾತನ್ನು ಬಳಕೆಗೆ ತಂದನು. ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಆದ್ದರಿಂದ ಇಂದಿಗೂ ನೂಲುವ ಶಾಖೆಯಲ್ಲಿ ತೇವವನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ನನ್ನ ಮೇಜಿಗೂ ಬರುತ್ತದೆ.

ಮೋಟಾರು ಗಾಡಿಗೆ ಈ ಯಂತ್ರ ಬಂದದ್ದು ಆಮೇಲೆ. ೧೯೩೯ರಲ್ಲಿ ಅಮೆರಿಕೆಯ ಪ್ಯಾಕಾರ್ಡ್ ಕಂಪನಿ ತನ್ನ ಗಾಡಿಗಳಿಗೆ ಇದನ್ನು ಕೂಡಿಸಿ ಮಾರಲು ಮುಂದಾಯಿತು. ಯಂತ್ರದ ಒಂದು ಭಾಗವೇ ಸಾಮಾನಿಡುವ ಡಿಕ್ಕಿಯ ಜಾಗವನ್ನು ಬಹುಮಟ್ಟಿಗೆ ನುಂಗಿತ್ತು. ನಿಲ್ಲಿಸಬೇಕಾದರೆ ಗಾಡಿಯಿಂದಿಳಿದು, ಬಾನೆಟ್ ತೆಗೆದು, ಪಟ್ಟಿಯನ್ನು ಕೈಯಿಂದ ಕಳಚಬೇಕಾಗಿತ್ತು! ಅಲ್ಲಿಂದ ಇಲ್ಲಿಯವರೆಗೆ ರೂಪ ಬಹಳ ಬದಲಾಗಿದೆ, ತತ್ವ ಮಾತ್ರ ಅದೇ ಇದೆ.

ಆ ತತ್ವ ಯಾವುದು? ಮಹನೀಯರೇ, ಯಂತ್ರವು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದದ್ದೆಲ್ಲ ಸುಲಭ. ಅಂಗೈ ಮೇಲೆ ಸ್ಪಿರಿಟ್ ಸುರಿದರೆ ತಣ್ಣಗಾಗುವುದಿಲ್ಲವೇ? ಅದು ಆವಿಯಾಗುವಾಗ ಕೈಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಡಿಯ ಗ್ಯಾಸೂ ಹಾಗೆಯೇ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ದ್ರವದಿಂದ ಆವಿಯಾಗುತ್ತ ಒಳಗಿನ ಗಾಳಿಯ ಬಿಸಿಯನ್ನು ಹೀರುತ್ತದೆ. ಎಂಜಿನಿನ ಪಟ್ಟಿಯಿಂದ ತಿರುಗುವ ಕಂಪ್ರೆಸರು ಆ ಆವಿಯನ್ನು ಅದುಮಿ ಇನ್ನೂ ಬಿಸಿ ಮಾಡುತ್ತದೆ. ಗಾಡಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗಾಳಿಗೆ ಹೋಗಿ, ಆವಿ ಮತ್ತೆ ದ್ರವವಾಗುತ್ತದೆ. ನಡುವೆ ತೇವ ಹೀರುವ ಡ್ರೈಯರ್ ಡಬ್ಬಿ. ಕಡೆಗೆ ದ್ರವವನ್ನು ಹನಿಹನಿಯಾಗಿ ಬಿಡುವ ಕಿರಿದಾದ ವಾಲ್ವು. ಇಷ್ಟೇ ಯಂತ್ರ.

ಇನ್ನು ಲೆಕ್ಕ. ಬಿಸಿಯ ಜಮಾ ಎಷ್ಟು, ಖರ್ಚು ಎಷ್ಟು? ಜಮಾ ಹೆಚ್ಚಾಗಿ ಖರ್ಚು ಕಡಿಮೆಯಾದರೆ ಗಾಡಿಯೊಳಗೆ ಬಿಸಿ ಬಾಕಿ ನಿಲ್ಲುತ್ತದೆ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ೧೦೦೦ ವ್ಯಾಟಿನಷ್ಟು ಶಾಖ ತರುತ್ತದೆ. ಅದು ಒಂದು ಇಸ್ತ್ರಿಪೆಟ್ಟಿಗೆಯ ಶಾಖ. ಗಾಜು ಕೊಂಚ ತಡೆದರೂ ಹೆಚ್ಚಿನ ಪಾಲು ಒಳಗೆ ಬರುತ್ತದೆ. ಇದರ ಮೇಲೆ ಎಂಜಿನಿನ ಕಡೆಯ ಗೋಡೆಯ ಬಿಸಿ, ಕಾದ ರಸ್ತೆಯ ಬಿಸಿ, ಸಂದಿಗಳಿಂದ ನುಗ್ಗುವ ಗಾಳಿಯ ಬಿಸಿ, ಕುಳಿತವರ ಮೈಯ ಬಿಸಿ. ಇಷ್ಟನ್ನೂ ಹೊರಗೆ ಹಾಕುವ ಯಂತ್ರದ ಶಕ್ತಿ ಚಿಕ್ಕ ಗಾಡಿಯಲ್ಲಿ ಒಂದು ಟನ್ನಿನಷ್ಟೋ ತುಸು ಹೆಚ್ಚೋ ಇರುತ್ತದೆ. ಟನ್ನು ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ನು ಮಂಜುಗಡ್ಡೆ ೨೪ ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಬಿಸಿ ಎಂದು ಅರ್ಥ.

ಸ್ಪೋರ್ಟ್ಸ್ ಕಾರಿನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅಂಥ ಗಾಡಿಗಳು ನಮ್ಮ ದೇಶದಲ್ಲಿ ತಯಾರಾದದ್ದೂ ಉಂಟು. ೧೯೯೦ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ, ಫೈಬರ್ ಗ್ಲಾಸ್ ಮೈಯ ಗಾಡಿ ಹೊರಬಂದಿತು. ಯಾವ ಕಂಪನಿಯದೇ ಆಗಲಿ, ಈ ಜಾತಿಯ ಗಾಡಿಯ ಮೂತಿ ತಗ್ಗು. ಆದ್ದರಿಂದ ಗಾಳಿ ನುಗ್ಗುವ ಬಾಯಿ ಕಿರಿದು, ಕಂಡೆನ್ಸರಿಗೆ ಜಾಗ ಕಡಿಮೆ. ಮುಂದಿನ ಗಾಜು ಓರೆಯಾಗಿ ಮಲಗಿರುವುದರಿಂದ ಬಿಸಿಲು ನೇರವಾಗಿ ಮಡಿಲಿಗೇ ಬೀಳುತ್ತದೆ. ಬಟ್ಟೆಯ ಮಾಡು ಬಿಸಿಯನ್ನು ತಡೆಯುವುದಿಲ್ಲ. ಎಂಜಿನು ಮೊಣಕಾಲಿನ ಬಳಿಯೇ ಕಾಯುತ್ತಿರುತ್ತದೆ. ಒಂದೇ ಅನುಕೂಲವೆಂದರೆ ಒಳಗಿನ ಜಾಗ ಚಿಕ್ಕದು, ತಂಪಾಗಿಸಬೇಕಾದ ಗಾಳಿ ಕಡಿಮೆ.

ಹಾಗಾದರೆ ತಂಪು ಸಾಲದಿದ್ದಾಗ ಏನು ಮಾಡಬೇಕು? ಗ್ಯಾರೇಜಿಗೆ ಓಡುವ ಮೊದಲು ಅಳೆಯಬೇಕು. ಒಂದು ಸಣ್ಣ ಉಷ್ಣಮಾಪಕವನ್ನು ನಡುವಿನ ಗಾಳಿಕಿಂಡಿಯಲ್ಲಿ ಸಿಕ್ಕಿಸಿ. ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಹಾಕಿ, ಗಾಡಿಯನ್ನು ನೆರಳಿನಲ್ಲಿ, ಬಯಲಿನಲ್ಲಿ ನಿಲ್ಲಿಸಿ, ಎಂಜಿನನ್ನು ತುಸು ವೇಗವಾಗಿ ಹತ್ತು ನಿಮಿಷ ಓಡಿಸಿ. ಹೊರಗಿನ ಉಷ್ಣ, ಕಿಂಡಿಯ ಉಷ್ಣ, ಎರಡನ್ನೂ ಬರೆದುಕೊಳ್ಳಿ. ಆಮೇಲೆ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸುತ್ತ ಪಕ್ಕದಲ್ಲಿ ಕುಳಿತವರಿಂದ ಮತ್ತೆ ಬರೆಯಿಸಿ. ಈ ನಾಲ್ಕು ಅಂಕಿಗಳು ಯಾವ ಮೆಕ್ಯಾನಿಕ್ಕಿನ ಊಹೆಗಿಂತಲೂ ಹೆಚ್ಚು ಮಾತನಾಡುತ್ತವೆ.

ಓಡುವಾಗ ತಂಪು, ನಿಂತಾಗ ಬಿಸಿ ಎಂದಾದರೆ ದೋಷ ಬಹುಶಃ ಗ್ಯಾಸಿನಲ್ಲಿಲ್ಲ. ಕಂಡೆನ್ಸರಿಗೆ ಗಾಳಿ ಸಾಲದು. ಸಮೃದ್ಧಿ ಮಹಾಮಾರ್ಗದಲ್ಲಿ ಹಿತವಾಗಿದ್ದ ಗಾಡಿ ಟೋಲ್ ನಾಕೆಯ ಸಾಲಿನಲ್ಲಿ ಬೆವರಿಳಿಸಿದರೆ ಇದೇ ಕಾರಣ. ಫ್ಯಾನು ತಿರುಗುತ್ತಿದೆಯೇ, ಸರಿಯಾದ ದಿಕ್ಕಿಗೆ, ಪೂರ್ಣ ವೇಗದಲ್ಲಿ ತಿರುಗುತ್ತಿದೆಯೇ ನೋಡಬೇಕು. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಗಾಡಿ ನಿಂತು ಓಡುತ್ತಿರುವಾಗ ಕಂಡೆನ್ಸರಿನ ಮೇಲೆ, ಗಿಡಕ್ಕೆ ಸಿಂಪಡಿಸುವ ಬುಡ್ಡಿಯಿಂದ ನೀರನ್ನು ಮಂಜಿನಂತೆ ಸಿಂಪಡಿಸಿ. ಜೋರಾದ ಧಾರೆ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ; ತಿರುಗುವ ಫ್ಯಾನಿನ ಬಳಿ ಕೈ, ಸೆರಗು ಹೋಗದಿರಲಿ. ಎರಡು ನಿಮಿಷದಲ್ಲಿ ಕಿಂಡಿಯ ಉಷ್ಣ ಚೆನ್ನಾಗಿ ಇಳಿದರೆ, ಬಿಸಿ ಹೊರಗೆ ಹೋಗುವ ಬಾಗಿಲೇ ಮುಚ್ಚಿದೆ ಎಂದು ತಿಳಿಯಿರಿ.

ನಿಂತಾಗಲೂ ಓಡುವಾಗಲೂ ಬಿಸಿಯೇ ಆದರೆ ಗ್ಯಾಸು ಸೋರಿರಬಹುದು, ಪಟ್ಟಿ ಸಡಿಲವಾಗಿರಬಹುದು, ಕಂಪ್ರೆಸರಿನ ಕ್ಲಚ್ಚು ಹಿಡಿಯದೆ ಇರಬಹುದು. ಮೊದಲು ತಂಪಾಗಿದ್ದು, ಅರ್ಧ ಗಂಟೆಯ ಮೇಲೆ ಗಾಳಿಯ ರಭಸವೇ ಕುಗ್ಗಿದರೆ, ಒಳಗಿನ ಕಾಯಿಲಿನ ಮೇಲೆ ಮಂಜು ಕಟ್ಟಿದೆ; ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿ ಬರಿಯ ಫ್ಯಾನು ಓಡಿಸಿದರೆ ಕರಗುತ್ತದೆ, ಆದರೆ ಕಾರಣವನ್ನು ಹುಡುಕಲೇಬೇಕು. ಗಾಳಿ ತಣ್ಣಗಿದ್ದೂ ಬರುವುದೇ ಕಡಿಮೆಯಾದರೆ ಫಿಲ್ಟರು, ಎಲೆ, ಧೂಳು. ಮೇಲಿನ ಕಿಂಡಿ ತಣ್ಣಗೆ, ಕಾಲಿನ ಬಳಿ ಬಿಸಿ ಎಂದಾದರೆ ಹೀಟರಿನ ಬಿಸಿನೀರು ಅಥವಾ ಅದರ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಹಳೆಯ ಗಾಡಿಗಳಲ್ಲಿ ಆ ಬಾಗಿಲಿಗೆ ಅಂಟಿಸಿದ ಸ್ಪಂಜು ಪುಡಿಯಾಗಿ ಉದುರಿರುತ್ತದೆ. ಒಂದು ಕಡೆ ತಂಪು ಮಾಡುತ್ತ ಇನ್ನೊಂದು ಕಡೆ ಒಲೆ ಹೊತ್ತಿಸಿದಂತಾಯಿತು!

ಇನ್ನೊಂದು ಮಾತು. ಗಾಡಿಯ ಕೆಳಗೆ ನೀರು ತೊಟ್ಟಿಕ್ಕಲಿಲ್ಲವೆಂದು ಕೆಲವರು ಗಾಬರಿಪಡುತ್ತಾರೆ. ಆ ನೀರು ಗಾಳಿಯ ತೇವದಿಂದ ಬಂದದ್ದು. ನಮ್ಮ ಏಪ್ರಿಲ್ಲಿನ ಒಣಗಾಳಿಯಲ್ಲಿ ತೇವವೇ ಇಲ್ಲದಿರುವಾಗ ನೀರು ಎಲ್ಲಿಂದ ಬರಬೇಕು? ಅದೇ ಜುಲೈಯಲ್ಲಿ ಧಾರಾಳವಾಗಿ ಸುರಿಯುತ್ತದೆ; ಆಗ ಯಂತ್ರದ ಶಕ್ತಿಯ ಒಂದು ಪಾಲು ಆ ತೇವವನ್ನು ನೀರು ಮಾಡುವುದಕ್ಕೇ ಹೋಗುತ್ತದೆ. ಈ ಒಣಗಾಳಿಯ ದೆಸೆಯಿಂದಲೇ ನಮ್ಮ ಮನೆಗಳಲ್ಲಿ ಹುಲ್ಲಿನ ಪರದೆಯ ಕೂಲರು ಅಷ್ಟು ಚೆನ್ನಾಗಿ ಕೆಲಸ ಮಾಡುವುದು. ಆದರೆ ಕಿಟಕಿ ಮುಚ್ಚಿದ ಗಾಡಿಯೊಳಗೆ ನೀರಿನ ಕೂಲರು ಇಟ್ಟುಕೊಂಡರೆ ಕೆಲವೇ ನಿಮಿಷದಲ್ಲಿ ಗಾಳಿ ತೇವದಿಂದ ತುಂಬಿ ಬೆವರು ಆರದಂತಾಗುತ್ತದೆ.

ಈಗ ಗ್ಯಾಸಿನ ವಿಚಾರ. ಇದು ನಮ್ಮೊಬ್ಬರ ಜೇಬಿನ ಪ್ರಶ್ನೆ ಮಾತ್ರವಲ್ಲ. ೧೯೯೦ರ ದಶಕದ ಮೊದಲ ವರ್ಷಗಳವರೆಗೆ ಗಾಡಿಗಳಲ್ಲಿ ಆರ್-೧೨ ಎಂಬ ಗ್ಯಾಸಿತ್ತು. ಅದು ವಿಷವಲ್ಲ, ಉರಿಯುವುದಿಲ್ಲ. ಆದರೆ ಮೇಲೇರಿ ಭೂಮಿಗೆ ಕೊಡೆಯಂತಿರುವ ಓಜೋನ್ ಪದರವನ್ನು ತಿನ್ನುತ್ತದೆ. ೧೯೭೪ರಲ್ಲಿ ಮೋಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಇದನ್ನು ಎತ್ತಿ ತೋರಿಸಿದರು. ೧೯೯೫ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಕೂಡಿ ಒಪ್ಪಂದ ಮಾಡಿಕೊಂಡವು. ಭಾರತ ೧೯೯೨ರಲ್ಲಿ ಸೇರಿತು. ಮುಂದೆ ಲೋಕದ ಎಲ್ಲ ರಾಷ್ಟ್ರಗಳೂ ಇದಕ್ಕೆ ಸಹಿ ಹಾಕಿದವು. ಓಜೋನ್ ಪದರ ಮೆಲ್ಲಗೆ ಕೂಡಿಕೊಳ್ಳುತ್ತಿದೆ. ಮನುಷ್ಯಕುಲ ಒಟ್ಟಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಆರ್-೧೨ರ ಜಾಗಕ್ಕೆ ಬಂದದ್ದು ಆರ್-೧೩೪ಎ. ಇದು ಓಜೋನನ್ನು ಕೆಡಿಸದು. ಆದರೆ ಭೂಮಿಯ ಉಷ್ಣವನ್ನು ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಾಲಿಗೂ ಹೆಚ್ಚು ಬಲವುಳ್ಳದ್ದು. ಆದ್ದರಿಂದ ಸೋರುವ ಗಾಡಿಗೆ ವರ್ಷವರ್ಷವೂ ಗ್ಯಾಸು ತುಂಬುವುದೆಂದರೆ ಒಡೆದ ಕೊಡಕ್ಕೆ ನೀರು ಹೊಯ್ದಂತೆ; ಹಣವೂ ಹೋಯಿತು, ಬಿಸಿಲೂ ಏರಿತು. ಬಿಗಿಯಾಗಿರುವ ಯಂತ್ರದಲ್ಲಿ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಬೇಸಗೆಗೊಮ್ಮೆ ಕಡಿಮೆಯಾಯಿತೆಂದರೆ ತೂತು ಇದೆಯೆಂದೇ ಅರ್ಥ. ಮೊದಲು ತೂತನ್ನು ಹುಡುಕಿಸಿ.

ಆರ್-೧೨ರ ಕಾಲದ ಗಾಡಿಗೆ ಹೊಸ ಗ್ಯಾಸು ತುಂಬಿಸಿದವರು, “ಮೊದಲಿನ ತಂಪು ಇಲ್ಲ” ಎನ್ನುವುದಕ್ಕೂ ಕಾರಣವುಂಟು. ಬಿಸಿಲು ಹೆಚ್ಚಿದಂತೆ ಹೊಸ ಗ್ಯಾಸಿನ ಒತ್ತಡ ಹಳೆಯದಕ್ಕಿಂತ ಹೆಚ್ಚಾಗಿ ಏರುತ್ತದೆ. ಹಳೆಯ ಕಂಡೆನ್ಸರಿಗೆ ಆ ಹೊರೆ ಹೊರಲಾಗುವುದಿಲ್ಲ. ಹೊಸ ಮಾದರಿಯ, ಚಪ್ಪಟೆ ಕೊಳವೆಗಳ ದೊಡ್ಡ ಕಂಡೆನ್ಸರು, ಬಲವಾದ ಫ್ಯಾನು ಹಾಕಿಸಿದರೆ ಬಹುಪಾಲು ಕೊರತೆ ತೀರುತ್ತದೆ. ಹಳೆಯ ಖನಿಜ ಎಣ್ಣೆ ಹೊಸ ಗ್ಯಾಸಿನೊಡನೆ ಬೆರೆಯುವುದಿಲ್ಲವಾದ್ದರಿಂದ ಎಣ್ಣೆಯನ್ನು ಬದಲಿಸಬೇಕು; ರಬ್ಬರು ಉಂಗುರಗಳನ್ನೂ ಡ್ರೈಯರ್ ಡಬ್ಬಿಯನ್ನೂ ಬದಲಿಸಬೇಕು. ಗ್ಯಾಸು ತುಂಬುವ ಮೊದಲು ಪಂಪಿನಿಂದ ಅರ್ಧ ಮುಕ್ಕಾಲು ಗಂಟೆ ಗಾಳಿಯನ್ನೂ ತೇವವನ್ನೂ ಎಳೆಯಬೇಕು. ತುಂಬುವುದು ತೂಕದ ಮೇಲೆ. ಹಳೆಯ ಗ್ಯಾಸಿನ ತೂಕಕ್ಕಿಂತ ಹೊಸದು ಕಡಿಮೆ, ಸಾಮಾನ್ಯವಾಗಿ ಶೇಕಡ ೮೦ರಿಂದ ೯೦. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದು ಸುಳ್ಳು. ಹೆಚ್ಚು ತುಂಬಿದರೆ ತಂಪು ಇಳಿಯುತ್ತದೆ, ಕಂಪ್ರೆಸರು ನರಳುತ್ತದೆ.

ಗ್ಯಾರೇಜಿನಲ್ಲಿ ಎರಡು ಮುಖದ ಒತ್ತಡಮಾಪಕ ಹಚ್ಚುತ್ತಾರೆ. ಮುಳ್ಳುಗಳು ಏನು ಹೇಳುತ್ತವೆಂದು ನೀವೂ ಕೇಳಿ ತಿಳಿದುಕೊಳ್ಳಿ. ಎರಡೂ ಕಡೆ ಒತ್ತಡ ಕಡಿಮೆಯಾದರೆ ಗ್ಯಾಸು ಕಡಿಮೆ. ಹೆಚ್ಚಿನ ಒತ್ತಡದ ಕಡೆ ಬಹಳ ಏರಿದ್ದರೆ ಕಂಡೆನ್ಸರಿಗೆ ಗಾಳಿಯಿಲ್ಲ, ಇಲ್ಲವೇ ಗ್ಯಾಸು ಅತಿಯಾಗಿದೆ. ಕಡಿಮೆ ಒತ್ತಡದ ಕಡೆ ಏರಿ, ಹೆಚ್ಚಿನ ಕಡೆ ಇಳಿದು, ಎರಡೂ ಹತ್ತಿರ ಹತ್ತಿರ ಬಂದಿದ್ದರೆ ಮಾತ್ರ ಕಂಪ್ರೆಸರಿನ ಮೇಲೆ ಅನುಮಾನ. ಮಾಪಕ ಹಚ್ಚದೆಯೇ ಕಂಪ್ರೆಸರು ಹೋಯಿತೆಂದವರ ಮಾತಿಗೆ ಕೈಚೀಲ ಬಿಚ್ಚಬೇಡಿ.

ನಮ್ಮ ಹಿರಿಯರ ಗಾಡಿಯಲ್ಲಿ ಏನಾಗಿತ್ತು ಎಂದು ನೀವು ಕೇಳಬಹುದು. ಅವರದು ಮೊದಲಿನಿಂದಲೂ ಹೊಸ ಗ್ಯಾಸಿನ ಗಾಡಿ. ನೀರು ಸಿಂಪಡಿಸಿದೊಡನೆ ಕಿಂಡಿಯ ಉಷ್ಣ ೨೬ರಿಂದ ೧೭ ಡಿಗ್ರಿಗೆ ಇಳಿಯಿತು. ಮೂತಿಯ ಜಾಲರಿ ಬಿಚ್ಚಿಸಿ ನೋಡಿದರೆ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹತ್ತಿಯ ಎಳೆ ಕಂಬಳಿಯಂತೆ ಹೆಪ್ಪುಗಟ್ಟಿ, ಅದರ ಮೇಲೆ ಧೂಳು ಮೆತ್ತಿತ್ತು. ನಮ್ಮ ತಾಲ್ಲೂಕಿನಲ್ಲಿ ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಗಿರಣಿಗಳಿಗೆ ಹೋಗುವ ಲಾರಿ, ಟ್ರ್ಯಾಕ್ಟರುಗಳಿಂದ ರಸ್ತೆಯುದ್ದಕ್ಕೂ ಅರಳೆ ಹಾರುವುದನ್ನು ನೀವೆಲ್ಲ ನೋಡಿದ್ದೀರಿ. ಅದೆಲ್ಲ ವರ್ಷಗಟ್ಟಲೆ ಅಲ್ಲಿ ಸೇರಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಗಾಳಿ ಊದಿಸಿ, ನೀರಿನಿಂದ ತೊಳೆಸಿ, ಮಡಚಿದ ರೆಕ್ಕೆಗಳನ್ನು ಬಾಚಿಸಿದ್ದಾಯಿತು. ಕಂಡೆನ್ಸರಿನ ಸುತ್ತ ಗಾಳಿ ಪಕ್ಕಕ್ಕೆ ನುಸುಳದಂತೆ ರಬ್ಬರು ಸ್ಪಂಜಿನ ಪಟ್ಟಿ ಅಂಟಿಸಿದ್ದಾಯಿತು. ಹೀಟರಿನ ಬಾಗಿಲಿಗೆ ಹೊಸ ಸ್ಪಂಜು ಹಾಕಿಸಿದ್ದಾಯಿತು. ಹಿಂದೆ ಅತಿಯಾಗಿ ತುಂಬಿದ್ದ ಗ್ಯಾಸನ್ನು ಯಂತ್ರದಿಂದ ಹೊರತೆಗೆಯಿಸಿ, ಸರಿಯಾದ ತೂಕಕ್ಕೆ ತುಂಬಿಸಿದ್ದಾಯಿತು. ಕಂಪ್ರೆಸರು ಹಳೆಯದೇ ಇದೆ. ಹೊರಗೆ ೪೧ ಡಿಗ್ರಿ ಇದ್ದ ದಿನ ಓಡುವ ಗಾಡಿಯ ಕಿಂಡಿಯಲ್ಲಿ ೧೧ ಡಿಗ್ರಿ ಬಂದಿತು. ಆ ತಾಯಿ ಕಳೆದ ಬಾರಿ ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ನಿದ್ದೆ ಹೋದರಂತೆ.

ಖರ್ಚನ್ನು ನೋಡಿದ ಮೇಲೆ ಜಮಾ ಕಡಿಮೆ ಮಾಡುವ ಬಗೆಯನ್ನೂ ನೋಡೋಣ. ನೆರಳಿನಲ್ಲಿ ನಿಲ್ಲಿಸಿ, ನೆರಳಿಲ್ಲದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಹೊಳಪಿನ ಪರದೆ ಇಡಿ. ಹತ್ತಿದ ಕೂಡಲೆ ಎರಡು ಬಾಗಿಲನ್ನೂ ತೆರೆದು, ಕಾದ ಗಾಳಿಯನ್ನು ಹೊರಗೆ ಬಿಟ್ಟು, ಕಿಟಕಿ ಇಳಿಸಿ ಒಂದು ಫರ್ಲಾಂಗು ಓಡಿಸಿ, ಆಮೇಲೆ ಮುಚ್ಚಿ ಯಂತ್ರ ಹಾಕಿ. ಬಟ್ಟೆಯ ಮಾಡಿನ ಒಳಮೈಗೆ ಅಸ್ತರಿ, ಕಾಲಿನ ಬಳಿ ಎಂಜಿನ ಗೋಡೆಗೆ ಶಾಖ ತಡೆಯುವ ಹಾಸು, ಬಾಗಿಲುಗಳಿಗೆ ಹೊಸ ರಬ್ಬರು ಪಟ್ಟಿ ಹಾಕಿಸಿ. ಇವು ಕಡಿಮೆ ಹಣದ ಕೆಲಸಗಳು, ಫಲ ದೊಡ್ಡದು. ಗಾಜಿಗೆ ಕಪ್ಪು ಫಿಲ್ಮು ಅಂಟಿಸುವ ಯೋಚನೆ ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡ ೭೦, ಪಕ್ಕದ ಗಾಜಿನಲ್ಲಿ ಶೇಕಡ ೫೦ ಬೆಳಕು ಹಾಯಬೇಕೆಂಬುದು ಕಾನೂನು.

ಕೊನೆಯದಾಗಿ ಮೂರು ಎಚ್ಚರಿಕೆಗಳು. ಒಂದು, ಅಗ್ಗವೆಂದು ಅಡಿಗೆಯ ಗ್ಯಾಸನ್ನು ಈ ಯಂತ್ರಕ್ಕೆ ತುಂಬುವವರುಂಟು. ಅದು ತಂಪು ಮಾಡುವುದು ನಿಜ. ಆದರೆ ಒಳಗಿನ ಕಾಯಿಲು ಸೋರಿದರೆ ಮುಚ್ಚಿದ ಗಾಡಿಯೇ ಸಿಡಿಗುಂಡಾಗುತ್ತದೆ. ಎರಡು, ಕೊಳವೆಯ ನಟ್ಟನ್ನು ನೀವೇ ಬಿಚ್ಚಬೇಡಿ. ಆ ದ್ರವ ಶೂನ್ಯಕ್ಕಿಂತ ೨೬ ಡಿಗ್ರಿ ಕೆಳಗೆ ಕುದಿಯುವಂಥದು. ಚರ್ಮಕ್ಕೆ ಬಿದ್ದರೆ ಸುಟ್ಟಂತೆ ಗಾಯ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅಲ್ಲದೆ ಗ್ಯಾಸನ್ನು ಬಯಲಿಗೆ ಬಿಡದೆ ಯಂತ್ರದಿಂದ ಹಿಡಿಯುವ ಗ್ಯಾರೇಜನ್ನೇ ಆರಿಸಿಕೊಳ್ಳಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ಗಾಡಿ ಅರ್ಧ ಗಂಟೆಯಲ್ಲೇ ಒಲೆಯಾಗುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಮಕ್ಕಳನ್ನಾಗಲಿ, ಮುದುಕರನ್ನಾಗಲಿ, “ಒಂದು ನಿಮಿಷ ಬಂದೆ” ಎಂದು ಅದರಲ್ಲಿ ಬಿಟ್ಟು ಹೋಗಬೇಡಿ. ಯಂತ್ರ ಓಡುತ್ತಿದೆಯೆಂಬ ನಂಬಿಕೆಯ ಮೇಲೂ ಬಿಡಬೇಡಿ. ಎಂಜಿನು ಯಾವ ಗಳಿಗೆಯಲ್ಲಿ ನಿಂತೀತೋ ಬಲ್ಲವರಾರು?

ಮಹನೀಯರೇ, ಹಳೆಯ ಗಾಡಿಯೆಂದರೆ ಹಳೆಯ ಲೆಕ್ಕದ ಪುಸ್ತಕದಂತೆ. ತಾಳೆಯಾಗದಿದ್ದರೆ ಪುಸ್ತಕವನ್ನು ಎಸೆಯುವುದಿಲ್ಲ. ಬಾಕಿ ಎಲ್ಲಿ ನಿಂತಿದೆಯೆಂದು ಸಾಲುಸಾಲಾಗಿ ಹುಡುಕುತ್ತೇವೆ. ಅಗ್ಗದ ಕಾರಣವನ್ನು ಮೊದಲು ನೋಡಿ, ದುಬಾರಿಯ ಕಾರಣವನ್ನು ಕಡೆಗೆ ನೋಡಿ. ಅಳೆದ ಮೇಲೆ ಹಣ ಕೊಡಿ, ಹಣ ಕೊಟ್ಟ ಮೇಲೆ ಮತ್ತೆ ಅಳೆಯಿರಿ.

ಗಾಳಿಕಿಂಡಿಗೆ ಸಿಕ್ಕಿಸುವ ಉಷ್ಣಮಾಪಕವೊಂದನ್ನು ವಾಚನಾಲಯದ ಮೇಜಿನ ಖಾನೆಯಲ್ಲಿ ಇರಿಸಿದ್ದೇವೆ. ಪುಸ್ತಕ ಒಯ್ಯುವಂತೆ ರಿಜಿಸ್ಟರಿನಲ್ಲಿ ರುಜು ಹಾಕಿ ಯಾರೂ ಒಯ್ಯಬಹುದು; ಮೂರು ದಿನದೊಳಗೆ ಹಿಂದಿರುಗಿಸಬೇಕು. ಒಯ್ದವರು ತಮ್ಮ ನಾಲ್ಕು ಅಂಕಿಗಳನ್ನು ಅದೇ ರಿಜಿಸ್ಟರಿನ ಹಿಂಪುಟದಲ್ಲಿ ಬರೆದರೆ ಮುಂದಿನವರಿಗೆ ಉಪಕಾರವಾಗುತ್ತದೆ.